ತೆರೆದ ಕಣ್ಣಿನ ಫೋಟೊ

ಬಸ್ ಡ್ರೈವರನ ಮೈಯಲ್ಲಿ ಹೇಳಿಕೊಳ್ಳುವಂಥ ಕಾಯಿಲೆ ಒಂದೂ ಇರಲಿಲ್ಲ. ಬೆನ್ನು ನೆಟ್ಟಗಿತ್ತು, ಮೊಣಕಾಲು ಹೇಳಿದ ಮಾತು ಕೇಳುತ್ತಿತ್ತು, ಎದುರಿಗೆ ಬರುವ ಲಾರಿಯ ನಂಬರನ್ನು ಕಂಡಕ್ಟರನಿಗೆ ಲಾರಿ ಕಾಣಿಸುವ ಮೊದಲೇ ಓದಿಬಿಡುತ್ತಿದ್ದ. ಇದ್ದದ್ದು ಒಂದೇ ಊನ. ಫೋಟೊ ತೆಗೆಯುವ ಕ್ಷಣಕ್ಕೆ ಸರಿಯಾಗಿ ಅವನ ಕಣ್ಣು ಮುಚ್ಚಿಕೊಳ್ಳುತ್ತಿತ್ತು.

ಯಾರಿಗೋ ಯಾವಾಗಲೋ ಆಗುವಂತೆ ಅಲ್ಲ, ಪ್ರತಿ ಸಲವೂ. ಶಾಲೆಯ ಗುಂಪು ಫೋಟೊದಲ್ಲಿ ಹಿಂದಿನ ಸಾಲಿನಲ್ಲಿ ನಿಂತೇ ನಿದ್ದೆ ಹೊಡೆಯುತ್ತಿರುವ ಹುಡುಗ ಇವನೇ. ಒಂದೂ ಅಪಘಾತ ಮಾಡದೆ ಬಸ್ಸು ಓಡಿಸಿದ್ದಕ್ಕೆ ಡಿಪೋದವರು ಕುರ್ಚಿಯಲ್ಲಿ ಕೂರಿಸಿ, ಮಡಿಲಿಗೆ ದೊಡ್ಡ ಹೂಗುಚ್ಛ ಇಟ್ಟು ಒಂದು ಫೋಟೊ ತೆಗೆಸಿದರು. ಗೋಡೆಯ ಮೇಲಿದ್ದ ಅದನ್ನು ನೋಡಿ ದೂರದ ನೆಂಟರೊಬ್ಬರು, "ಯಾವಾಗ ಹೋದ್ರು? ನಮಗೊಂದು ಮಾತು ತಿಳಿಸ್ಲಿಲ್ವಲ್ಲ," ಎಂದು ಕಣ್ಣೊರೆಸಿಕೊಂಡರು. ಆಗ ಅವರ ಮುಂದೆ ಟೀ ತಂದಿಟ್ಟವನೂ ಇವನೇ.

ವಿಚಿತ್ರವೆಂದರೆ ಅವನಿಗೆ ಇದು ಗೊತ್ತೇ ಆಗುತ್ತಿರಲಿಲ್ಲ. "ಬಿಟ್ಕೊಂಡೇ ಇದ್ದೆ ಕಣ್ರೀ" ಎನ್ನುತ್ತಿದ್ದ. ಕಣ್ಣಿನ ಡಾಕ್ಟರು ಟಾರ್ಚು ಬಿಟ್ಟು ನೋಡಿದರು, ರೆಪ್ಪೆ ಮಗುಚಿ ನೋಡಿದರು, ಕೊನೆಗೆ ಏನೂ ಇಲ್ಲ ಎಂದರು. ಇಷ್ಟು ಆರೋಗ್ಯವಾದ ಕಣ್ಣನ್ನು ಬಹಳ ದಿನದಿಂದ ನೋಡಿರಲಿಲ್ಲವೆಂದು ಖುಷಿಯಾಗಿ ಅವನ ಹೆಗಲ ಮೇಲೆ ಕೈ ಹಾಕಿ ಒಂದು ಫೋಟೊ ತೆಗೆಸಿಕೊಂಡರು. ಅದರಲ್ಲೂ ಮುಚ್ಚಿತ್ತು.

ಫಿಲ್ಮಿನ ಕಾಲದಲ್ಲಿ ಇದೊಂದು ತೊಂದರೆಯೇ ಆಗಿರಲಿಲ್ಲ, ಯಾಕೆಂದರೆ ಆಗ ಭಾವ ಇದ್ದ. ಈಗಲೂ ಇದ್ದಾನೆ. ಆಗ ಭಾವನ ಕೈಯಲ್ಲಿ ಫಿಲ್ಮೂ ಇತ್ತು, ಅಷ್ಟೇ ವ್ಯತ್ಯಾಸ.

ಭಾವ ಎಂದರೆ ಹೆಂಡತಿಯ ಅಣ್ಣ. ಅಂಗಡಿ ಬೀದಿಯ ಕೊನೆಯಲ್ಲಿ, ಬೀಗದ ರಿಪೇರಿ ಅಂಗಡಿಯ ಮೇಲ್ಮಹಡಿಯಲ್ಲಿ ಅವನ ಸ್ಟುಡಿಯೊ. ಡ್ರೈವರ್ ಇನ್ನೂ ಡ್ರೈವರ್ ಆಗಿರದಿದ್ದ ಕಾಲದಲ್ಲಿ ಮೊದಲ ಲೈಸೆನ್ಸಿಗೆಂದು ಫೋಟೊ ತೆಗೆಸಲು ಅಲ್ಲಿಗೆ ಹೋಗಿದ್ದ. ಆಗ ಭಾವ ಇನ್ನೂ ಭಾವನಾಗಿರಲಿಲ್ಲ, ಬರೀ ಫೋಟೊಗ್ರಾಫರ್. ಒಂದು ಕ್ಲಿಕ್ಕು, ಇನ್ನೊಂದು ಕ್ಲಿಕ್ಕು, ಅಲ್ಲಿಗೆ ಲೆನ್ಸಿಗೆ ಮುಚ್ಚಳ ಹಾಕಿದ. "ಸಾಕು ಬಿಡಿ. ನಿಮಗೋಸ್ಕರ ಒಂದು ರೋಲ್ ಪೂರ್ತಿ ಸುಡೋಕಾಗಲ್ಲ. ಮಿಕ್ಕಿದ್ದು ನಾನು ಬರ್ಕೋತೀನಿ."

ಬರೆದುಕೊಂಡ. ಕಣ್ಣಿನ ಬಿಳಿಗೆ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್, ಕರಿ ಗುಡ್ಡೆಗೆ ಪ್ರಿಂಟಿನ ಮೇಲೆ ಸಣ್ಣ ಬ್ರಷ್ಷು. ಒಂದು ಸೀಸೆಯಲ್ಲಿ ಅದಕ್ಕೆಂದೇ ಕರಿಮಸಿ ಇತ್ತು. ಮುಂದೆ ಯಾವ ಮಾದರಿಯೂ ಇಲ್ಲದ್ದರಿಂದ ಕನ್ನಡಿ ಇಟ್ಟುಕೊಂಡು ತನ್ನ ಕಣ್ಣನ್ನೇ ನೋಡಿ ಬರೆದ. ಕೆಲಸ ಎಷ್ಟು ಚೆನ್ನಾಗಿ ಬಂತೆಂದರೆ ಒಂದು ಪ್ರತಿಯನ್ನು ದೊಡ್ಡದು ಮಾಡಿ ಮೆಟ್ಟಿಲ ಬುಡದ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿದ. ದಿನಾ ಅಣ್ಣನಿಗೆ ಊಟದ ಡಬ್ಬಿ ತರುತ್ತಿದ್ದ ತಂಗಿ ಪೆಟ್ಟಿಗೆಯೆದುರು ನಿಲ್ಲತೊಡಗಿದಳು. ಆ ಕಣ್ಣು ಎಲ್ಲೋ ನೋಡಿದ ಹಾಗಿದೆ, ಮನೆಯವರ ಕಣ್ಣಿನ ಹಾಗೆ ನಂಬಿಕೆ ಹುಟ್ಟಿಸುತ್ತದೆ ಎಂದಳು. ಮದುವೆಯಾಯಿತು. ಮದುವೆಯ ಆಲ್ಬಮ್ಮಿನ ತುಂಬ ವರ ತನ್ನ ಭಾವನ ಕಣ್ಣಿನಿಂದ ಲೋಕವನ್ನು ನೋಡುತ್ತಿದ್ದಾನೆ.

"ನಾನು ಮೆಚ್ಚಿದ್ದು ಪೆಟ್ಟಿಗೇಲಿದ್ದೋರನ್ನ. ಕಟ್ಕೊಂಡಿದ್ದು ಇವ್ರನ್ನ," ಎಂದು ಅವಳು ನೆಂಟರ ಮುಂದೆ ಹೇಳುವುದುಂಟು. ನೆಂಟರು ನಗುತ್ತಾರೆ. ಡ್ರೈವರೂ ನಗುತ್ತಾನೆ, ಸ್ವಲ್ಪ ತಡವಾಗಿ.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಸಂಸಾರಕ್ಕೆ ಲೈಸೆನ್ಸ್ ನವೀಕರಣ ಬಂತು. ಹೊರಗೆ ತೆಗೆಸಿದ ಫೋಟೊ ಇನ್ನು ನಡೆಯುವುದಿಲ್ಲ, ಕಚೇರಿಯಲ್ಲೇ ಕ್ಯಾಮೆರಾದ ಮುಂದೆ ಕೂರಬೇಕು ಎಂದು ಹೊಸ ನಿಯಮ ಆಗಿತ್ತು. ಡ್ರೈವರ್ ಬೋಳಿಸಿದ ಗಡ್ಡ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಹೋಗಿ ಕೂತ.

ಕೌಂಟರಿನ ಹುಡುಗಿ ಬಹಳ ಒಳ್ಳೆಯವಳು. ಅದೇ ತೊಂದರೆಯಾಯಿತು.

ಕ್ಯಾಮೆರಾದ ಯಂತ್ರ ಮೂರು, ಎರಡು, ಒಂದು ಎಂದು ಎಣಿಸಿತು. ಬೆಳಕು ಮಿಂಚಿತು. ಯಂತ್ರ ಹೆಣ್ಣು ದನಿಯಲ್ಲಿ, "ಕಣ್ಣು ಮುಚ್ಚಿದೆ, ದಯವಿಟ್ಟು ಮತ್ತೆ ಪ್ರಯತ್ನಿಸಿ," ಎಂದಿತು.

"ಬಿಟ್ಕೊಂಡೇ ಇದ್ದೆ ಕಣಮ್ಮ."

"ಗಾಬರಿ ಆಗ್ಬೇಡಿ ಸರ್. ಏನೂ ಹಾಳಾಗಲ್ಲ, ಎಷ್ಟು ಬೇಕಾದ್ರೂ ತೆಗೀಬೋದು."

ಎಷ್ಟು ಬೇಕಾದರೂ ಎಂಬ ಮಾತು ಕೇಳಿ ಡ್ರೈವರನ ಬೆನ್ನಿನಲ್ಲಿ ಬೆವರಿಳಿಯಿತು. ಭಾವನ ಕ್ಯಾಮೆರಾಕ್ಕೆ ಒಂದು ಕೊನೆ ಇತ್ತು. ಎರಡನೇ ಕ್ಲಿಕ್ಕಿಗೆ ಅವನು ಕೈ ಚೆಲ್ಲುತ್ತಿದ್ದ, ತಪ್ಪು ತಪ್ಪೇ ಎಂದು ಒಪ್ಪಿಕೊಂಡು ಇಬ್ಬರೂ ಬಿಡುಗಡೆಯಾಗುತ್ತಿದ್ದರು. ಈ ಕ್ಯಾಮೆರಾಕ್ಕೆ ಕೊನೆಯೇ ಇರಲಿಲ್ಲ, ಹುಡುಗಿಯ ತಾಳ್ಮೆಗೂ ಇರಲಿಲ್ಲ. ಮಿಂಚು, ಮುಚ್ಚಿದೆ, ಮತ್ತೆ. ಮಿಂಚು, ಮುಚ್ಚಿದೆ, ಮತ್ತೆ. ಹಿಂದೆ ಸಾಲು ಬೆಳೆದು ಬಾಗಿಲಾಚೆ ಹೋಯಿತು. ಸ್ವಲ್ಪ ಹೊತ್ತಿಗೆ ಯಂತ್ರ ಬಾಯಿ ತೆರೆಯುವ ಮೊದಲೇ ಸಾಲಿನವರೆಲ್ಲ ಒಟ್ಟಾಗಿ, "ಕಣ್ಣು ಮುಚ್ಚಿದೆ," ಎಂದು ಹೇಳತೊಡಗಿದರು.

"ಇವ್ರು ಓಡಿಸೋ ಬಸ್ಸು ಯಾವ್ದು ಅಂತ ಸ್ವಲ್ಪ ಹೇಳ್ಬಿಡಿ," ಎಂದ ಸಾಲಿನಲ್ಲಿದ್ದ ಒಬ್ಬ ಟೋಪಿಯವ. "ನಾನು ನಡ್ಕೊಂಡು ಹೋಗ್ತೀನಿ."

ಹುಡುಗಿ ಪರದೆಯನ್ನು ಡ್ರೈವರನತ್ತ ತಿರುಗಿಸಿದಳು. ಸಾಲುಸಾಲಾಗಿ ಪುಟ್ಟ ಪುಟ್ಟ ಮುಖಗಳು, ಎಲ್ಲವೂ ಅವನದೇ, ಎಲ್ಲದರಲ್ಲೂ ಕಣ್ಣು ಮುಚ್ಚಿದೆ. ಒಂದು ಬಸ್ಸಿನ ಅಷ್ಟೂ ಸೀಟಿನಲ್ಲಿ ತಾನೇ ಕೂತು ನಿದ್ದೆ ಮಾಡುತ್ತಿರುವಂತೆ ಅವನಿಗೆ ಕಂಡಿತು. ಆ ಬಸ್ಸನ್ನು ಯಾರು ಓಡಿಸುತ್ತಿದ್ದಾರೆ ಎನ್ನುವುದು ಕಾಣಲಿಲ್ಲ.

ಒಳಗಿನಿಂದ ಸಾಹೇಬರು ಬಂದರು. "ತಿಂಗಳು ಮುಗಿಯೋದ್ರೊಳಗೆ ಒಂದು ಫೋಟೊ ಬರ್ಬೇಕು. ಬರ್ಲಿಲ್ಲ ಅಂದ್ರೆ ಸ್ಟಿಯರಿಂಗ್ ಮುಟ್ಟೋ ಹಾಗಿಲ್ಲ. ನಾನು ಮಾಡಿದ ರೂಲ್ ಅಲ್ಲಪ್ಪ," ಎಂದು ಒಳಗೆ ಹೋದರು.

ಸ್ಟಿಯರಿಂಗ್ ಮುಟ್ಟದವರನ್ನು ಡಿಪೋದವರು ಟೈರಿನ ಗೋಡೌನಿಗೆ ಹಾಕುತ್ತಿದ್ದರು. ಅಲ್ಲಿ ಈಗಾಗಲೇ ಒಬ್ಬ ಹಳೆಯ ಡ್ರೈವರ್ ಇದ್ದ. ಸ್ಟೂಲಿನ ಮೇಲೆ ಕೂತು ಟೈರು ಕಾಯುತ್ತ, ಹೊರಗೆ ಯಾವುದಾದರೂ ಬಸ್ಸು ತಿರುವಿಗೆ ಬಂದ ಸದ್ದು ಕೇಳಿದರೆ ಅವನ ಎಡಗೈ ತಾನಾಗಿ ಗಾಳಿಯಲ್ಲಿ ಗೇರು ಬದಲಾಯಿಸುತ್ತಿತ್ತು. ಡ್ರೈವರನಿಗೆ ಆ ಕೈ ನೆನಪಾಗಿ ಕಚೇರಿಯ ಮೆಟ್ಟಿಲಿನ ಮೇಲೆ ಸ್ವಲ್ಪ ಹೊತ್ತು ಕೂತ. ಬಸ್ಸು ಓಡಿಸುವುದು ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಬರಬೇಕೆಂದು ಅನ್ನಿಸಿಯೂ ಇರಲಿಲ್ಲ.

ಸಂಜೆ ಸ್ಟುಡಿಯೊಗೆ ಹೋದ. ಭಾವ ಕಿಟಕಿಯ ಬಳಿ ಖಾಲಿ ಕ್ಯಾಮೆರಾ ಒರೆಸುತ್ತಿದ್ದ. ಫಿಲ್ಮು ಸಿಗುವುದು ನಿಂತ ಮೇಲೂ ಅವನು ದಿನಾ ಒರೆಸುತ್ತಿದ್ದ. ಮೊದಲು ಫಿಲ್ಮು ತೊಳೆಯುತ್ತಿದ್ದ ಕತ್ತಲೆ ಕೋಣೆಯಲ್ಲಿ ಕೆಳಗಿನ ಬೀಗದವನು ಹಳೇ ಬೀಗಗಳನ್ನು ತುಂಬಿದ್ದ.

"ನನ್ನ ತಪ್ಪೇನು ಭಾವ? ನಿಮ್ಮ ಹತ್ರ ಎರಡು ಕ್ಲಿಕ್ಕಿಗೆ ಮುಗೀತಿತ್ತು."

"ಅದು ಫೋಟೊಗ್ರಫಿ ಡ್ರೈವರ್ ಸಾಹೇಬ್ರೇ. ಇದು ತೂಕದ ಮೆಷಿನ್ನು. ನಾನು ಮೂರರವರೆಗೆ ಎಣಿಸ್ತೀನಿ ಅಂತ ಹೇಳಿ ಎರಡಕ್ಕೇ ಒತ್ತಿಬಿಡ್ತಿದ್ದೆ. ಫೋಟೊಗ್ರಾಫರ್ ಅಂದ್ಮೇಲೆ ಅರ್ಧ ಸುಳ್ಳುಗಾರ ಆಗಿರ್ಬೇಕು. ಕಂಪ್ಯೂಟರಿಗೆ ಸುಳ್ಳು ಹೇಳೋಕೆ ಬರಲ್ಲ."

"ನೀವು ಎರಡಕ್ಕೆ ಒತ್ತಿದ್ರೂ ನನ್ನ ಕಣ್ಣು ಮುಚ್ಚಿತ್ತಲ್ಲ?"

ಭಾವ ಒರೆಸುವುದನ್ನು ನಿಲ್ಲಿಸಿದ. "ನಿಮ್ಮ ಕಣ್ಣು ನನಗಿಂತ ದೊಡ್ಡ ಕಳ್ಳ. ಇರ್ಲಿ, ನಾಳೆ ನಾನೂ ಬರ್ತೀನಿ. ಮೆಷಿನ್ ಎಣಿಸೋದನ್ನ ನೀವು ಕೇಳಿಸ್ಕೋಬೇಡಿ, ನಾನು ಹಿಂದೆ ನಿಂತು ಬೇರೆ ಥರ ಎಣಿಸ್ತೀನಿ."

ಮರುದಿನ ಯಂತ್ರ ಮೂರು, ಎರಡು ಎಂದು ಇಳಿಯುತ್ತಿದ್ದರೆ ಭಾವ ಹಿಂದಿನಿಂದ ಏಳು, ಹನ್ನೊಂದು, ನಾಲ್ಕು ಎನ್ನುತ್ತಿದ್ದ. ತನ್ನ ಕಣ್ಣಿಗೆ ಯಾವ ಲೆಕ್ಕವೂ ತಿಳಿಯದಂತೆ ಡ್ರೈವರ್ ಎದುರಿನ ಗೋಡೆಯ ಬಿರುಕನ್ನು ದಿಟ್ಟಿಸಿದ. ಮಿಂಚು ಹೊಡೆಯಿತು.

"ಧನ್ಯವಾದಗಳು, ನಿಮ್ಮ ಚಿತ್ರ ಸ್ವೀಕಾರವಾಗಿದೆ," ಎಂದಿತು ಯಂತ್ರ.

ಸಾಲಿನವರು ಚಪ್ಪಾಳೆ ತಟ್ಟಿದರು. ಹುಡುಗಿ ಪರದೆ ನೋಡಿ ಕಕ್ಕಾಬಿಕ್ಕಿಯಾದಳು. ಡ್ರೈವರನ ಹೆಗಲಿನ ಮೇಲಿಂದ ಇಣುಕುತ್ತಿದ್ದ ಭಾವನ ಮುಖವನ್ನು ಯಂತ್ರ ಮೆಚ್ಚಿತ್ತು. ಸೈಕಲ್ಲು ಹತ್ತಲೂ ಬಾರದ ಭಾವನಿಗೆ ಇನ್ನೇನು ದೊಡ್ಡ ಬಸ್ಸಿನ ಲೈಸೆನ್ಸ್ ಬಂದೇಬಿಡುತ್ತಿತ್ತು. ಅವಳು ಗಡಿಬಿಡಿಯಲ್ಲಿ ಅಳಿಸಿದಳು.

"ತಾಯಿ, ಇವ್ರ ನೆಗೆಟಿವ್ ಕೊಡಿ, ಒಂದು ನಿಮಿಷದ ಕೆಲಸ ಇದೆ," ಎಂದ ಭಾವ, ಜೇಬಿನಿಂದ ಪೆನ್ಸಿಲ್ ತೆಗೆಯುತ್ತ.

"ನೆಗೆಟಿವ್ ಅಂದ್ರೇನು ಸರ್?"

ಹುಡುಗಿಯ ಮುಖದಲ್ಲಿ ತಮಾಷೆ ಇರಲಿಲ್ಲ. ನಿಜವಾಗಿ ಕೇಳಿದ್ದಳು. ಭಾವ ಪೆನ್ಸಿಲನ್ನು ಜೇಬಿಗಿಟ್ಟುಕೊಂಡ. ಇಬ್ಬರೂ ವಾಪಸು ಬಂದರು. ಸ್ಟುಡಿಯೊದ ಮೆಟ್ಟಿಲ ಹತ್ತಿರ, ಖಾಲಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಭಾವ ಡ್ರೈವರನ ಮುಖವನ್ನೇ ನೋಡತೊಡಗಿದ.

"ಏನ್ ಭಾವ?"

"ನೆಗೆಟಿವ್ ಇಲ್ಲ, ಪ್ರಿಂಟ್ ಇಲ್ಲ. ಬರೆಯೋಕೆ ಉಳ್ದಿರೋ ಜಾಗ ಒಂದೇ."

"ಯಾವ್ದು?"

ಭಾವ ಅವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ, ಥೇಟ್ ಗಿರಾಕಿಗೆ ಮಾಡುವ ಹಾಗೆ.

ಅದು ಹುಚ್ಚಾಟ ಎಂದು ಡ್ರೈವರನಿಗೆ ಗೊತ್ತಿತ್ತು. ಬೇಡ ಎನ್ನಬೇಕೆಂದು ಎರಡು ಸಲ ಬಾಯಿ ತೆರೆದ. ಎರಡೂ ಸಲ ಟೈರಿನ ಗೋಡೌನಿನ ಕೈ ಅಡ್ಡ ಬಂತು. ತಿಂಗಳ ಕೊನೆಯ ದಿನ ಬೆಳಿಗ್ಗೆ ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಕಣ್ಣು ಮುಚ್ಚಿ ಕೂತ. ಹೆಂಡತಿ ಅಣ್ಣನ ಮುಖಕ್ಕೆ ಕನ್ನಡಿ ಹಿಡಿದು ನಿಂತಳು. ಮೊದಲು ರೆಪ್ಪೆಯ ಮೇಲೆ ಟ್ಯೂಬಿನ ಬಿಳಿ ಬಣ್ಣ ತಣ್ಣಗೆ ಹರಡಿತು. ಆಮೇಲೆ ಸೀಸೆಯ ಮುಚ್ಚಳ ತೆಗೆದ ಸದ್ದು.

"ಅಲ್ಲಾಡ್ಬೇಡಿ. ಗುಡ್ಡೆ ಅತ್ತಿತ್ತ ಹೋದ್ರೆ ಮೆಳ್ಳಗಣ್ಣು ಆಗುತ್ತೆ."

"ಉಸಿರಾಡ್ಬೋದಾ?"

"ಸ್ವಲ್ಪ."

ಬ್ರಷ್ಷು ನಿಂತಿತು. ಹೆಂಡತಿ ಕನ್ನಡಿಯನ್ನು ಮೇಜಿನ ಮೇಲಿಡುವುದು ಕೇಳಿಸಿತು. ಅವಳು ಹತ್ತಿರ ಬಂದಳು. "ಇವ್ರೇ ಕಣೋ ಅಣ್ಣ," ಎಂದಳು. "ಪೆಟ್ಟಿಗೇಲಿದ್ದೋರು."

ಆ ದನಿಯನ್ನು ಡ್ರೈವರ್ ಮದುವೆಯ ಹೊಸದರಲ್ಲಿ ಕೇಳಿದ್ದ, ಆಮೇಲೆ ಕೇಳಿರಲಿಲ್ಲ. ಅವಳು ಈಗ ಯಾವ ಮುಖ ಮಾಡಿಕೊಂಡು ನೋಡುತ್ತಿದ್ದಾಳೆ ಎಂದು ತಿಳಿಯಬೇಕೆನ್ನಿಸಿತು. ಕಣ್ಣು ತೆರೆದರೆ ಬರೆದದ್ದೆಲ್ಲ ಮಡಚಿಹೋಗುತ್ತದೆ. ಕೈ ಕಟ್ಟಿ ಕೂತ.

ಅವಳೇ ಕೈ ಹಿಡಿದು ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿದಳು. ಎದುರಿನ ಸೀಟಿನವರು ಅವನ ನೋಟ ತಾಳಲಾರದೆ ಬೇರೆ ಕಡೆಗೆ ಹೋಗಿ ಕೂತರು. ಓಡಿಸುತ್ತಿದ್ದವನು ಯಾರೋ ಹೊಸಬ, ಪ್ರತಿ ತಿರುವಿಗೂ ಗೇರನ್ನು ತಡವಾಗಿ ಇಳಿಸುತ್ತಿದ್ದ. ಡ್ರೈವರನ ಕೈ ಒಂದು ಸಲ ತಾನಾಗಿ ಮೇಲೆದ್ದಿತು. ಅದನ್ನು ತೊಡೆಯ ಕೆಳಗೆ ಹಾಕಿ ಒತ್ತಿಹಿಡಿದ.

ಕಚೇರಿಯಲ್ಲಿ ಒಂದೇ ಮಿಂಚು. "ಧನ್ಯವಾದಗಳು, ನಿಮ್ಮ ಚಿತ್ರ ಸ್ವೀಕಾರವಾಗಿದೆ."

"ಇವತ್ತು ಎಷ್ಟು ಚೆನ್ನಾಗಿ ಬಿಟ್ಕೊಂಡಿದೀರ ಸರ್," ಎಂದಳು ಹುಡುಗಿ. ಅವಳು ಪರದೆಯನ್ನೇ ನೋಡುತ್ತಿದ್ದಳು, ಅವನನ್ನಲ್ಲ. ದಿನವಿಡೀ ಅವಳು ಯಾರನ್ನೂ ನೇರವಾಗಿ ನೋಡುತ್ತಿರಲಿಲ್ಲ, ಅದಕ್ಕೆ ಪುರಸೊತ್ತೂ ಇರಲಿಲ್ಲ.

ಲೈಸೆನ್ಸ್ ಬಂತು. ಡ್ರೈವರ್ ಅದನ್ನು ಜೇಬಿನಲ್ಲಿಟ್ಟುಕೊಂಡು ಮತ್ತೆ ಬಸ್ಸು ಹತ್ತಿದ. ಕಥೆ ಇಲ್ಲಿಗೇ ನಿಂತಿದ್ದರೆ ಅವನಿಗೂ ಒಳ್ಳೆಯದಿತ್ತು.

ಸ್ವಲ್ಪ ದಿನಕ್ಕೆ ಡಿಪೋದಲ್ಲಿ ಬಸ್ಸಿನ ಕೀಲಿ ಕೊಡುವ ಕೋಣೆಗೂ ಒಂದು ಯಂತ್ರ ಬಂತು. ಕೀಲಿ ಬೇಕಾದವರು ಅದರ ಮುಂದೆ ಮುಖ ತೋರಿಸಬೇಕು. ಲೈಸೆನ್ಸಿನ ಫೋಟೊ ಜೊತೆ ಮುಖ ಹೊಂದಿದರೆ ಸಣ್ಣ ಬಾಗಿಲು ತೆರೆದು ಕೀಲಿ ಬರುತ್ತದೆ. ಎಲ್ಲರಿಗೂ ಬಂತು. ಡ್ರೈವರ್ ನಿಂತ, ಯಂತ್ರ ನೋಡಿತು, ಇನ್ನೊಮ್ಮೆ ನೋಡಿತು.

"ಈ ಮುಖ ನಿಮ್ಮದಲ್ಲ."

ಡಿಪೋ ಮ್ಯಾನೇಜರು ಬಂದು ನಿಂತರು. ಇಪ್ಪತ್ತು ವರ್ಷದಿಂದ ದಿನಾ ಕಾಣುವ ಮುಖ. ಅವರೂ ಯಂತ್ರವನ್ನೊಮ್ಮೆ, ಡ್ರೈವರನನ್ನೊಮ್ಮೆ ನೋಡಿದರು. "ನೀವೇ ಅಂತ ನನಗೆ ಗೊತ್ತಪ್ಪ. ಆದ್ರೆ ಅದು ಅಲ್ಲ ಅಂತಿದೆ. ಅದಕ್ಕಿಂತ ಜಾಸ್ತಿ ಗೊತ್ತು ಅಂತ ನಾನು ಹೇಗೆ ಹೇಳ್ಲಿ?"

ಡ್ರೈವರ್ ಲೈಸೆನ್ಸ್ ಕಚೇರಿಗೆ ಓಡಿದ. ಹುಡುಗಿ ಅದೇ ತಾಳ್ಮೆಯಿಂದ ಕೇಳಿಸಿಕೊಂಡಳು. "ಬದಲಾಯಿಸ್ಬೋದು ಸರ್. ಕಷ್ಟ ಏನಿಲ್ಲ. ಮೊದ್ಲು ಹಳೇ ಫೋಟೊ ಜೊತೆ ನಿಮ್ಮ ಮುಖ ಹೊಂದ್ಬೇಕು. ಆಮೇಲೆ ಹೊಸ ಫೋಟೊ ತೆಗೀತೀವಿ. ಅದ್ರಲ್ಲಿ ಕಣ್ಣು ಬಿಟ್ಟಿರ್ಬೇಕು, ಅಷ್ಟೇ."

"ಅಷ್ಟೇ," ಎಂದ ಡ್ರೈವರ್.

ಅಂದಿನಿಂದ ದಿನಾ ಬೆಳಿಗ್ಗೆ ಅವನು ಡಿಪೋಗೆ ಹೋಗುವ ಮೊದಲು ಸ್ಟುಡಿಯೊದ ಮೆಟ್ಟಿಲು ಹತ್ತುತ್ತಾನೆ. ಭಾವ ಕಣ್ಣು ಬರೆಯುತ್ತಾನೆ. ಕೆಳಗೆ ಕಾಯುತ್ತಿರುವ ಕಂಡಕ್ಟರ್ ಕೈ ಹಿಡಿದು ಕೀಲಿಯ ಕೋಣೆಗೆ ಕರೆದುಕೊಂಡು ಹೋಗಿ, "ಸ್ವಲ್ಪ ಎಡಕ್ಕೆ. ಹಾಂ, ಅಲ್ಲೇ," ಎಂದು ನಿಲ್ಲಿಸುತ್ತಾನೆ. ಯಂತ್ರ ಧನ್ಯವಾದ ಹೇಳುತ್ತದೆ. ಕೀಲಿ ಕೈಗೆ ಬಂದ ಮೇಲೆ ಡ್ರೈವರ್ ಎಣ್ಣೆ ಹಚ್ಚಿದ ಹತ್ತಿಯಿಂದ ಆ ಕಣ್ಣನ್ನು ಒರೆಸಿ, ತನ್ನ ಕಣ್ಣು ತೆರೆದು, ಬಸ್ಸು ಹತ್ತುತ್ತಾನೆ. ಡಿಪೋದಲ್ಲಿ ಈಗ ಯಾರೂ ಇದಕ್ಕೆ ನಗುವುದಿಲ್ಲ. ಒಬ್ಬೊಬ್ಬರ ಮುಖ ಹೊಂದದ ದಿನ ಅವರೂ ಮೆಲ್ಲಗೆ ಬಂದು, "ನಿಮ್ಮ ಭಾವನ ಅಡ್ರೆಸ್ ಯಾವ್ದು?" ಎಂದು ಕೇಳುತ್ತಾರೆ.

ಹೆಂಡತಿಯೂ ಬೆಳಿಗ್ಗೆ ಡಬ್ಬಿ ಕೊಡುವ ನೆಪದಲ್ಲಿ ಸ್ಟುಡಿಯೊಗೆ ಬರುತ್ತಾಳೆ. ಬರೆದು ಮುಗಿದ ಮೇಲೆ ಸ್ವಲ್ಪ ಹೊತ್ತು ನಿಂತು ನೋಡಿ ಹೋಗುತ್ತಾಳೆ. ಅವಳ ಹೆಜ್ಜೆ ಮಾತ್ರ ಅವನಿಗೆ ಕೇಳಿಸುತ್ತದೆ.

ಎಲ್ಲ ಸರಿಹೋಗಿತ್ತು ಎನ್ನಬಹುದು, ಸೀಸೆಯೊಂದನ್ನು ಬಿಟ್ಟು. ಫಿಲ್ಮು ನಿಂತಾಗ ಆ ಕರಿಮಸಿ ಮಾಡುತ್ತಿದ್ದವರೂ ನಿಲ್ಲಿಸಿದ್ದರು. ಭಾವ ಹಳೆಯ ಅಂಗಡಿಗಳಿಗೆಲ್ಲ ಹೋಗಿ ಕೇಳಿದ. ಅಂಗಡಿಯವರು ಮೊಬೈಲಿನ ಕವರು ತೋರಿಸಿದರು. ಒಂದು ದಿನ ಕಣ್ಣಿನ ಕಾಡಿಗೆ ಹಚ್ಚಿ ನೋಡಿದರು, ಈ ಮುಖ ನಿಮ್ಮದಲ್ಲ ಎಂದಿತು ಯಂತ್ರ. ಇನ್ನೊಂದು ದಿನ ಮಾರ್ಕರ್ ಪೆನ್ನು, ಆಗಲೂ ಅಲ್ಲ. ಮಸಿಗೆ ನೀರು ಬೆರೆಸಿದ ದಿನ ಯಂತ್ರ ಬಹಳ ಹೊತ್ತು ಯೋಚಿಸಿತು. ಸಾಲಿನಲ್ಲಿ ನಿಂತ ಡ್ರೈವರುಗಳೆಲ್ಲ ಉಸಿರು ಬಿಗಿಹಿಡಿದರು. ಆಮೇಲೆ ಕೀಲಿ ಕೊಟ್ಟಿತು. ಕೊಡುವಾಗ, "ದಯವಿಟ್ಟು ನಿಮ್ಮ ಆರೋಗ್ಯ ನೋಡಿಕೊಳ್ಳಿ," ಎಂದೂ ಹೇಳಿತು.

ಭಾವ ಈಗ ಬೊಟ್ಟಿನಷ್ಟು ಮಸಿಯಲ್ಲಿ ಎರಡು ಕಣ್ಣು ಬರೆಯುತ್ತಾನೆ. ಸೀಸೆಯನ್ನು ಓರೆ ಮಾಡಿ ಹಿಡಿಯುತ್ತಾನೆ. ಡ್ರೈವರ್ ಅದನ್ನು ನೋಡಲಾರ, ಅವನ ಕಣ್ಣು ಮುಚ್ಚಿರುತ್ತದೆ, ಮೇಲಿರುವ ಕಣ್ಣು ಏನನ್ನೂ ನೋಡುವುದಿಲ್ಲ. ಆದರೆ ಕಿವಿ ಚುರುಕಾಗಿದೆ. ಎಂಜಿನ್ನಿನ ಒಳಗಿನ ಸಣ್ಣ ತೊಂದರೆಯನ್ನೂ ಸದ್ದಿನಿಂದಲೇ ಹಿಡಿಯುವ ಕಿವಿ ಅದು. ಇವತ್ತು ಬೆಳಿಗ್ಗೆ ಬ್ರಷ್ಷು ಗಾಜಿನ ತಳವನ್ನು ಕೆರೆದದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

"ತಳ ಕಾಣ್ತಿದ್ಯಾ ಭಾವ?"

"ಅಲ್ಲಾಡ್ಬೇಡಿ ಅಂದ್ನಲ್ಲ."

"ಎಷ್ಟಿದೆ?"

ಸೀಸೆಯನ್ನು ಅಂಗೈಗೆ ತಟ್ಟುವ ಸದ್ದು ಬಂತು, ಒಂದು ಸಲ, ಮತ್ತೊಂದು ಸಲ. ಕೆಳಗಿನಿಂದ ಕಂಡಕ್ಟರ್, "ಆಯ್ತಾ ಸಾರ್? ಹೊತ್ತಾಗ್ತಿದೆ," ಎಂದು ಕೂಗಿದ.

"ಬಲಗಣ್ಣು ಆಯ್ತು," ಎಂದ ಭಾವ.

ಡ್ರೈವರ್ ಎಡಗಣ್ಣನ್ನು ಮುಚ್ಚಿಕೊಂಡೇ, ಎರಡು ಕೈಯನ್ನೂ ತೊಡೆಯ ಕೆಳಗೆ ಹಾಕಿಕೊಂಡು, ಬ್ರಷ್ಷು ಬರುವುದನ್ನು ಕಾದು ಕೂತ.